ತಿಥಿ ಕಾರ್ಡಿನಲ್ಲಿದ್ದ ಹೆಸರು

ಪಾಂಡವಪುರ, ೧೯೯೩

ಚೆಲುವಕ್ಕ,

ನಿಮ್ಮ ತಿಥಿ ಮುಗಿದ ಮೇಲೆ ನಿಮ್ಮ ಯಜಮಾನರು ಜವರಣ್ಣ ಇವತ್ತೇ ಮೊದಲ ಸಲ ಮತ್ತೆ ನಮ್ಮ ಪ್ರೆಸ್ಸಿಗೆ ಬಂದರು. "ಮನೇಲಿ ಒಬ್ನೇ ಕೂರಾಕಾಯ್ತಿಲ್ಲ ಸಾ, ಏನಾದ್ರೂ ಕೆಲ್ಸ ಕೊಡಿ" ಅಂದರು.

ಇದು ಮದುವೆ ಕಾಲ. ಹೆಂಡತಿ ಕಳಕೊಂಡವರ ಕೈಲಿ ಲಗ್ನಪತ್ರಿಕೆ ಮಾಡಿಸಿದರೆ ಗಿರಾಕಿಗಳು ಏನಂದಾರೋ ಅಂತ ಹೆದರಿ, ಅವರನ್ನು ತಿಥಿ ಕಾರ್ಡುಗಳಿಗೆ ಅಚ್ಚಿನ ಮೊಳೆ ಜೋಡಿಸಲು ಕೂರಿಸಿದೆ. ನನ್ನ ಲಗ್ನಪತ್ರಿಕೆಗೆ ಮೊಳೆ ಜೋಡಿಸಿದ್ದು ಅವರೇ. ಹಗುರದ ಕೆಲಸ ಕೊಟ್ಟೆ ಅಂತ ನನಗೆ ನಾನೇ ಹೇಳಿಕೊಂಡೆ ಬೇರೆ.

ಮಧ್ಯಾಹ್ನ ಜವರಣ್ಣ, ದೇವಲಾಪುರದವರು ಕೊಟ್ಟುಹೋಗಿದ್ದ ತಿಥಿ ಕಾರ್ಡಿನ ಬರಹ ಹಿಡಿದು ನನ್ನ ಮೇಜಿನ ಹತ್ತಿರ ಬಂದು ನಿಂತರು.

"ತೀರೋಗಿರೋ ಈವಮ್ಮನ ಎಸ್ರೂ ಚೆಲುವಮ್ಮ ಅಂತ್ಲೇ ಐತೆ. ಇದೊಂದ್ನ ಬ್ಯಾರೇರಿಗೆ ಕೊಡಿ ಸಾ."

ಎದುರಿಗೆ ಮದುವೆಯವರು ಕೂತಿದ್ದರು. "ಸಂಜೆಗೆ ಕೊಡಬೇಕು, ಮುಗಿಸ್ಬುಡಿ ಜವರಣ್ಣ" ಅಂದೆ, ತಲೆ ಎತ್ತದೆ.

ಅವರು ಹೋಗಿ ಕೂತು, ಒಂದೊಂದೇ ಮೊಳೆ ಆರಿಸಿ ನಿಮ್ಮ ಹೆಸರು ಜೋಡಿಸಿದರು.

ಪ್ರೂಫನ್ನು ನಾನೇ ನೋಡಿದೆ ಅಕ್ಕ. ಎಲ್ಲಾದರೂ ತಪ್ಪು ಸಿಕ್ಕಿದ್ದರೆ, ಆ ನೆಪದಲ್ಲಿ ಅವರನ್ನು ಕರೆದು ಮಾತಾಡಿಸಬಹುದಿತ್ತು.

ಒಂದಕ್ಷರವೂ ತಪ್ಪಿರಲಿಲ್ಲ.

ರವೀಂದ್ರ