ಬೇಸಿಗೆಯಲ್ಲಿ ಬಂದ ಚಳಿಗಾಲದ ಕಾರ್ಡು

ಮನೆ, ಹಿತ್ತಿಲ ಮೆಟ್ಟಿಲು
ಭಾನುವಾರ, ಮೇ ೧೮

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಮಂಡಿನೋವು ಹತೋಟಿಯಲ್ಲಿದೆಯೇ? ಹೊಸ ಹಲ್ಲಿನ ಸೆಟ್ಟು ಒಸಡಿಗೆ ಒತ್ತುತ್ತಿದ್ದರೆ ನರ್ಸಮ್ಮನಿಗೆ ಹೇಳಿ. ಹೋದ ಸಲದಂತೆ ಕರವಸ್ತ್ರದಲ್ಲಿ ಸುತ್ತಿ ದಿಂಬಿನ ಕೆಳಗೆ ಬಚ್ಚಿಡಬೇಡಿ. ಈ ಕಾಗದವನ್ನು ಬೆಳಗಿನ ತಿಂಡಿಯಾದ ಮೇಲೆ ಓದಿ ಹೇಳಿ ಎಂದು ಅವರನ್ನು ಕೇಳಿಕೊಂಡಿದ್ದೇನೆ. ಆ ಹೊತ್ತಿಗೆ ನಿಮ್ಮ ತಲೆ ತಿಳಿಯಾಗಿರುತ್ತದಂತೆ, ಅವರು ತಪ್ಪು ಓದಿದರೆ ತಿದ್ದುತ್ತೀರಂತೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಬೇರೆಯವರಿಗೆ ಅಕ್ಷರ ಕಾಣಿಸಿ ಕಾಣಿಸಿ ಈಗ ನನಗೇ ಚಾಳೀಸು ಬಂದಿದೆ. ನಿಮ್ಮ ಅಳಿಯನಿಗೆ ಸ್ಟೌ ರಿಪೇರಿ ಕೆಲಸ ಕೈತುಂಬ ಇದೆ. ಮನೆಯ ಸ್ಟೌ ಮಾತ್ರ ಇನ್ನೂ ಹಾಗೇ ಬುಸುಗುಡುತ್ತಿದೆ, ಆ ಮಾತು ಬಿಡಿ.

ಈಗ ಗಿಡದ ವಿಷಯ. ಬೈಯದೆ ಕೇಳಬೇಕು. ಮೂವತ್ತೆರಡು ವರ್ಷ ಸಾರ್ವಜನಿಕ ತೋಟದ ಜರಿಗಿಡಗಳ ಮನೆಯಲ್ಲಿ ಮಾಲಿಯಾಗಿದ್ದು, ಅಲ್ಲಿಂದ ನೀವು ತಂದದ್ದು ಅದೊಂದೇ ಗಿಡ. ವೃದ್ಧಾಶ್ರಮದ ಕೋಣೆಯಲ್ಲಿ ಮಣ್ಣಿನ ಕುಂಡ ಇಡಬಾರದು ಎಂದಾಗ ಅದನ್ನು ನನ್ನ ಕೈಗಿತ್ತು, ಹೆಣ್ಣು ಕೊಟ್ಟವರ ಹಾಗೆ ಬಾಗಿಲವರೆಗೂ ಬುದ್ಧಿ ಹೇಳುತ್ತಾ ಬಂದಿರಿ. ಅದೆಲ್ಲ ನನಗೆ ಬಾಯಿಪಾಠವಾಗಿದೆ. ಎಳೆಯ ಎಲೆ ಸುರುಳಿ ಬಿಚ್ಚುವ ಕಾಲದಲ್ಲಿ ನೀರಿಗೆ ಕೈ ಬಿಗಿ ಹಿಡಿಯಬಾರದು, ಮಣ್ಣು ಒಂದು ದಿನವೂ ಒಣಗಕೂಡದು. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಬುಡಕ್ಕೆ ನಿಧಾನವಾಗಿ, ತಳದ ತೂತಿನಿಂದ ಇಳಿಯುವವರೆಗೆ ಹಾಕಬೇಕು. ನೆತ್ತಿಯ ಮೇಲೆ ಸುರಿದರೆ ಸುಳಿ ಕೊಳೆಯುತ್ತದೆ. ಮಳೆ ಹಿಡಿದರೆ ಕೆಳಗಿನ ತಟ್ಟೆ ತೆಗೆಯಬೇಕು, ಬೇರು ನೀರಲ್ಲಿ ನಿಲ್ಲಬಾರದು. ಚಳಿಗೆ ಹದಿನೈದು ದಿನಕ್ಕೊಂದು ಲೋಟ, ಅಷ್ಟೇ. “ಕ್ಯಾಲೆಂಡರ್ ನೋಡಿ ನೀರು ಹಾಕಿದ್ರೆ ಗಿಡ ಸಾಯುತ್ತೆ, ಬೆರಳಿಟ್ಟು ನೋಡು” ಎಂದು ನನ್ನ ತೋರುಬೆರಳನ್ನು ಎರಡನೇ ಗೆಣ್ಣಿನವರೆಗೂ ಮಣ್ಣಿಗೆ ಇಳಿಸಿದ್ದಿರಿ.

ಚಳಿಗಾಲದಲ್ಲಿ ಎಲೆಗಳೆಲ್ಲ ಕಂದಿ ಮಲಗಿದಾಗ ಗಾಬರಿಯಾಗಿ ಫೋನ್ ಮಾಡಿದೆನಲ್ಲ, ಆಗ ನೀವು ಎಷ್ಟು ನಕ್ಕಿರಿ! “ಸತ್ತಿಲ್ಲ ಕಣೇ, ನಿದ್ದೆ ಮಾಡ್ತಿದೆ. ಹಳೇ ಎಲೆ ಕೀಳ್ಬೇಡ, ಅದೇ ಅದಕ್ಕೆ ಕಂಬಳಿ.” ನಿಮ್ಮ ಮಾತೇ ನಿಜವಾಯಿತು. ಚಳಿ ಸರಿದ ಮೇಲೆ ಹನ್ನೊಂದು ಸುರುಳಿಗಳು, ಕೂಸಿನ ಮುಚ್ಚಿದ ಮುಷ್ಟಿಗಳಂತೆ, ಮೇಲೆದ್ದವು. ನಿಮ್ಮ ಅಳಿಯ ದಿನಾ ಬೆಳಿಗ್ಗೆ ಬ್ರಷ್ ಬಾಯಲ್ಲಿಟ್ಟುಕೊಂಡೇ “ನಿಮ್ಮಪ್ಪನ ಹಿರಿಮಗ ಎದ್ನಾ?” ಎಂದು ಕೇಳುತ್ತಿದ್ದರು.

ಏಪ್ರಿಲ್ ಕೊನೆಯಲ್ಲಿ, ಅಂಗಡಿಯ ಫ್ಯಾನು ಬಿಸಿಗಾಳಿಯನ್ನೇ ಮಗುಚಿ ಹಾಕುತ್ತಿದ್ದ ಒಂದು ದಿನ, ನಿಮ್ಮ ಕಾರ್ಡು ಬಂತು. “ಚಳಿ ಜೋರಾಗಿದೆ. ಗಿಡಕ್ಕೆ ನೀರು ನಿಲ್ಲಿಸು. ಹದಿನೈದು ದಿನಕ್ಕೆ ಒಂದು ಲೋಟ ಸಾಕು. ಎಲೆ ಕಂದಿದರೆ ಹೆದರಬೇಡ.” ಅಕ್ಷರ ಎಂದಿನಂತೆ ದುಂಡಗಿತ್ತು, ಒಂದು ಕೊಂಬು, ಒಂದು ಒತ್ತು ಕೂಡ ತಪ್ಪಿರಲಿಲ್ಲ. ತಪ್ಪಿದ್ದು ತಿಂಗಳು ಮಾತ್ರ. ಹಳೆಯ ಕಾರ್ಡು ಅಂಚೆಯಲ್ಲಿ ತಡವಾಗಿರಬೇಕು ಎಂದುಕೊಂಡು ಮುದ್ರೆ ನೋಡಿದೆ. ಎರಡು ದಿನದ ಹಿಂದಿನದು. ನೇರವಾಗಿ ಹೇಳಿಬಿಡೋಣ ಎಂದು ಆ ಭಾನುವಾರ ಅಲ್ಲಿಗೆ ಬಂದೆ. ನೀವು ಸ್ವೆಟರ್ ಹಾಕಿಕೊಂಡು, ಹಣೆಯ ಮೇಲೆ ಬೆವರು ಇಳಿಯುತ್ತಿದ್ದರೂ ಅಂಗೈ ಉಜ್ಜಿಕೊಳ್ಳುತ್ತಾ ಕೂತಿದ್ದಿರಿ. “ಚೂಟೀ, ನೀರು ನಿಲ್ಲಿಸಿದ್ಯಾ?” ಎಂದಿರಿ. ಸಂಜೆಯ ಹೊತ್ತು ಅದು. ಆ ಹೊತ್ತಿನಲ್ಲಿ ತಿದ್ದಿದರೆ ನೀವು ತಬ್ಬಿಬ್ಬಾಗುತ್ತೀರಿ, ಆಮೇಲೆ ಮುಖ ಗೋಡೆಗೆ ತಿರುಗಿಸಿಬಿಡುತ್ತೀರಿ. “ನಿಲ್ಲಿಸಿದೆ ಅಪ್ಪಾ” ಎಂದೆ.

ಚಿಕ್ಕವಳಿದ್ದಾಗ ನಿಮಗೆ ಎಷ್ಟೋ ಸುಳ್ಳು ಹೇಳಿದ್ದೇನೆ. ಆದರೆ ನೀರು ಹಾಕಿದ ವಿಷಯದಲ್ಲಿ ಮಾತ್ರ ಒಂದನ್ನೂ ಹೇಳಿರಲಿಲ್ಲ. ಮನೆಗೆ ಬಂದವಳು ಆ ಸುಳ್ಳನ್ನು ನಿಜ ಮಾಡಲು ಹೊರಟೆ. ನೀರು ನಿಲ್ಲಿಸಿಬಿಟ್ಟೆ. ಹುಚ್ಚುತನ ಎಂದು ಗೊತ್ತಿತ್ತು. ಗಿಡದ ಪಕ್ಕ ಹಾದುಹೋಗುವಾಗ ಬೇರೆ ಕಡೆ ನೋಡುತ್ತಿದ್ದೆ. ನೀರು ಹಾಕಿದರೆ ಅಪ್ಪನಿಗೆ ತಿಂಗಳೂ ತಿಳಿಯುವುದಿಲ್ಲ ಎಂದು ನಾನೇ ಒಪ್ಪಿಕೊಂಡಂತೆ ಅನ್ನಿಸುತ್ತಿತ್ತು. ಹಾಕದಿದ್ದರೆ, ನೀವಿನ್ನೂ ಹೇಳುತ್ತಿದ್ದೀರಿ, ನಾನಿನ್ನೂ ಕೇಳುತ್ತಿದ್ದೇನೆ. ಆರನೇ ದಿನಕ್ಕೆ ಎಲೆಯ ಅಂಚು ಸುರುಟಿತು. ಒಂಬತ್ತನೇ ದಿನ ನಿಮ್ಮ ಅಳಿಯ “ಇದೇನೇ, ಹಿರಿಮಗ ಸೊರಗಿ ಹೋಗಿದ್ದಾನೆ, ಕಣ್ಣು ಕಾಣಲ್ವಾ?” ಎಂದರು. “ಅಪ್ಪ ಬೇಡ ಅಂದಿದ್ದಾರೆ” ಎಂದು ಕಾರ್ಡು ಕೊಟ್ಟೆ. ಅವರು ಎರಡು ಸಲ ಓದಿದರು. ನೀರಿನ ಜಗ್ಗು ತುಂಬಿಸಿ ತಂದು ನನ್ನ ಕಾಲ ಬಳಿ ಇಟ್ಟು, ಒಳಗೆ ಹೋಗಿಬಿಟ್ಟರು.

ಹಾಕಿದೆ ಅಪ್ಪಾ. ಮಣ್ಣು ಬಿಗಿದು ಕುಂಡದ ಗೋಡೆಯಿಂದ ಬಿಟ್ಟುಕೊಂಡಿತ್ತು. ಹಾಕಿದ ನೀರೆಲ್ಲ ಪಕ್ಕದಿಂದ ಸರ್ರನೆ ಇಳಿದು ಮೆಟ್ಟಿಲ ಮೇಲೆ ಹರಿಯಿತು, ಬೇರಿಗೆ ಒಂದು ಹನಿಯೂ ತಾಗಲಿಲ್ಲ. ನಿಮಗೇ ಫೋನ್ ಮಾಡಿ ಕೇಳಬೇಕು ಎಂದು ಕೈ ಹೋಯಿತು. ಏನೆಂದು ಕೇಳಲಿ? ಕೊನೆಗೆ, ತೋಟದಲ್ಲಿ ನೀವು ಮಾಡುತ್ತಿದ್ದದ್ದು ನೆನಪಾಗಿ, ಕುಂಡವನ್ನು ಬಕೆಟ್ ನೀರಿನಲ್ಲಿ ಇಳಿಸಿ, ಗುಳ್ಳೆ ನಿಲ್ಲುವವರೆಗೂ ಹಿಡಿದುಕೊಂಡು ಕೂತೆ. ಹನ್ನೊಂದರಲ್ಲಿ ಒಂಬತ್ತು ಎಲೆ ಹೋದವು. ಉಳಿದ ಎರಡು ಅರ್ಧ ಹಸಿರಾಗಿವೆ. ನಡುವಿನ ಸುಳಿ ಒತ್ತಿದರೆ ಇನ್ನೂ ಗಟ್ಟಿಯಾಗಿದೆ. ಹತ್ತು ದಿನದಿಂದ ಕಾಯುತ್ತಿದ್ದೇನೆ, ಹೊಸ ಸುರುಳಿ ಬಂದಿಲ್ಲ. ಬರುತ್ತದೋ ಇಲ್ಲವೋ, ನನಗೆ ತಿಳಿಯದು.

ಇನ್ನು ಮೇಲೆ ನಾನೇ ಮಣ್ಣು ಮುಟ್ಟಿ ನೋಡಿ ನೀರು ಹಾಕುತ್ತೇನೆ. ನೀವು ಬೇಡ ಎಂದು ಬರೆದ ವಾರವೂ ಹಾಕುತ್ತೇನೆ. ಸಿಟ್ಟಾಗಬೇಡಿ. ಕಾರ್ಡು ಬರೆಯುವುದನ್ನು ಮಾತ್ರ ನಿಲ್ಲಿಸಬೇಡಿ. ಯಾವ ತಿಂಗಳಿನದಾದರೂ ಸರಿ, ಬರಲಿ.

ಸಮಯಕ್ಕೆ ಸರಿಯಾಗಿ ಊಟ ಮಾಡಿ, ಮಾತ್ರೆ ನುಂಗಿ. ಅಳಿಯನ ನಮಸ್ಕಾರ. ನನ್ನ ತಲೆಯ ಮೇಲೆ ನಿಮ್ಮ ಕೈ ಇರಲಿ.

ನಿಮ್ಮ
ಚೂಟಿ

ಇನ್ನೊಂದು ವಿಷಯ, ಮೇಲೆ ಬರೆಯಲು ಮರೆತಿದ್ದೆ ಎನ್ನಹೊರಟೆ. ಮರೆತದ್ದಲ್ಲ, ಕೈ ಬರಲಿಲ್ಲ. ನೀವು ಬೆಳಗಿನ ಜಾವ ಆಶ್ರಮದ ಹಿಂದಿನ ಬಾಗಿಲಿನಿಂದ ಅಂಗಳಕ್ಕಿಳಿದು ಎರಡು ಸಲ ಹೆದ್ದಾರಿವರೆಗೂ ನಡೆದುಬಿಟ್ಟಿದ್ದೀರಂತೆ. “ಕೆಲ್ಸಕ್ಕೆ ಹೊತ್ತಾಯ್ತು, ಗಿಡಗಳು ಕಾಯ್ತಿರ್ತವೆ” ಎಂದಿರಂತೆ. ಎರಡನೇ ಸಲ ಹಾಲಿನ ವ್ಯಾನಿನವನು ಬ್ರೇಕ್ ಹಾಕದಿದ್ದರೆ ಏನಾಗುತ್ತಿತ್ತೋ. ಈ ಕಾಗದ ತಲುಪುವಷ್ಟರಲ್ಲಿ ಆ ಬಾಗಿಲಿಗೆ ಬೀಗ ಬಿದ್ದಿರುತ್ತದೆ. ಒಪ್ಪಿಗೆಗೆ ಸಹಿ ಹಾಕಿದವಳು ನಾನು, ಓದುತ್ತಿರುವ ನರ್ಸಮ್ಮನ ಮೇಲೆ ರೇಗಬೇಡಿ. ಬೇರೆ ದಾರಿ ಇಲ್ಲವೇ ಎಂದು ಕೇಳಿದೆ ಅಪ್ಪಾ, ಆಶ್ರಮದವರು ಇಲ್ಲ ಎಂದರು. ಬಾಗಿಲಿಗೆ ಭುಜ ಕೊಟ್ಟು ತಳ್ಳಬೇಡಿ, ಅದು ಕಬ್ಬಿಣದ್ದು. ಪಕ್ಕದ ಕಿಟಕಿ ತೆರೆಯುತ್ತದೆ, ಸರಳಿನಾಚೆ ಅಂಗಳವೆಲ್ಲ ಕಾಣುತ್ತದೆ, ನಾನೇ ತೆರೆದು ನೋಡಿದ್ದೇನೆ.