ಒಣಗದ ಕಡಲು

೧೪ ಆಗಸ್ಟ್, ಗುರುವಾರ

ನನ್ನ ಮೇಲೇ ಸಿಟ್ಟು ಬರ್ತಿದೆ. ಮಜೀದಾ ಅತ್ತೆಯ ಉಳ್ಳಾಲದ ತವರುಮನೆಯ ಚಿತ್ರ ಬರೆಯೋಕೆ ಕೂತವಳು, ಕಡಲ್ಕೊರೆತ ಆದಮೇಲೆ ಅವರ ತಮ್ಮ ಕಳಿಸಿದ ಹೊಸ ಫೋಟೊ ನೋಡಿ ಬರೆದುಬಿಟ್ಟೆ. ಮನೆ ಇದ್ದ ಕಡೆ ಬರೀ ನೀಲಿ. ಮದುವೆಯಾದ ವರ್ಷ ಅದೇ ಅಂಗಳದಲ್ಲಿ ಕೂತು ಮೀನು ಸಾರು ಉಂಡಿದ್ದೆ. ಆಗ ಕಡಲು ನೋಡೋಕೆ ಒಸಿ ದೂರ ನಡೀಬೇಕಿತ್ತು.

ಸಂಜೆ ಅತ್ತೆ ಚಿತ್ರ ನೋಡಿದರು. ಬೈತಾರೆ ಅಂದುಕೊಂಡೆ.

"ಇಲ್ಲೇ ಕಣಮ್ಮ ನಮ್ಮ ಒಲೆ ಇದ್ದಿದ್ದು," ಅಂತ ನೀಲಿ ಮೇಲೆ ಬೆರಳು ಒತ್ತಿದರು.

ನಲವತ್ತು ವರ್ಷ ಚನ್ನಪಟ್ಟಣದ ಬೊಂಬೆಗಳಿಗೆ ಅರಗಿನ ಬಣ್ಣ ಹಚ್ಚಿದ ಕೈ ಅವರದು. ಅರಗು ಹಚ್ಚಿದ ಕೂಡಲೇ ಒಣಗುತ್ತೆ. ನನ್ನ ಬಣ್ಣ ಇನ್ನೂ ಹಸಿ.

"ಅಯ್ಯೋ, ಕೆಡಿಸ್ಬುಟ್ಟೆ!" ಅಂದರು ಅತ್ತೆ, ಬೆರಳಿಗೆ ಅಂಟಿಬಂದ ನೀಲಿ ನೋಡಿ.

ಸರಿಮಾಡೋಕೆ ಬ್ರಷ್ ಎತ್ತಿಕೊಂಡೆ. ಇಡೀ ಚಿತ್ರದಲ್ಲಿ ಆ ಬೆರಳಗಲ ಜಾಗಕ್ಕೆ ಮಾತ್ರ ನೀರು ಬಂದಿರಲಿಲ್ಲ. ಬ್ರಷ್ ತೊಳೆದಿಟ್ಟೆ.