ಮಣ್ಣಿನ ರೊಟ್ಟಿ ತಟ್ಟಿದ ತಪಾಸಣಾಧಿಕಾರಿಗೆ

ಎರಡನೇ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಮಾನ್ಯ ತಪಾಸಣಾಧಿಕಾರಿಗಳೇ,

ಚಂದ್ರಾ ಲೇಔಟಿನ ನಮ್ಮ ಪುಟ್ಟ ಶಾಲೆಯ ಗೇಟಿನೊಳಗೆ ಇನ್ನು ಮುಂದೆ ಅಪ್ಪ, ಅಮ್ಮ, ಅಜ್ಜ, ಅಜ್ಜಿ ಯಾರೂ ಕಾಲಿಡಬಾರದೆಂದು ತಾವು ಆದೇಶ ಹೊರಡಿಸಿದ್ದೀರಿ. ಅದರ ಪ್ರತಿಯನ್ನು ಆ ಗೇಟಿಗೇ ಅಂಟಿಸಿದ್ದಾರೆ. ದಿನಾ ಬೆಳಿಗ್ಗೆ ಮಗನನ್ನು ಬಿಡಲು ಹೋದಾಗ ಓದುತ್ತೇನೆ, ದಿನಾ ನಗು ಬರುತ್ತದೆ. ಕ್ಷಮಿಸಿ, ಅದು ನನ್ನ ಹುಟ್ಟುಗುಣ. ಧಾರೆಯ ಹೊತ್ತಿನಲ್ಲಿ ಪುರೋಹಿತರು ಮಂತ್ರದ ನಡುವೆ ಸೀನಿದ್ದಕ್ಕೆ ನಕ್ಕುಬಿಟ್ಟು, ಅತ್ತೆಯಿಂದ ಇವತ್ತಿಗೂ ಮಾತು ಕೇಳುತ್ತಿರುವವಳು ನಾನು. ಆದರೆ ಈ ಪತ್ರವನ್ನು ನಗುವುದಕ್ಕಲ್ಲ, ಜಗಳಕ್ಕೆ ಬರೆಯುತ್ತಿದ್ದೇನೆ. ನಗುತ್ತಲೇ ಜಗಳವಾಡುವುದು ನನಗೆ ಚೆನ್ನಾಗಿ ಬರುತ್ತದೆ, ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ.

ನನ್ನ ಪರಿಚಯ ತಮಗೆ ಆಗಿರಲಿಕ್ಕಿಲ್ಲ. ಆರ್‌ಪಿಸಿ ಲೇಔಟಿನಲ್ಲಿ ಬ್ಲೌಸ್ ಹೊಲಿಯುವ ಒಂದು ಅಂಗಡಿ ಇಟ್ಟುಕೊಂಡಿದ್ದೇನೆ. ಮಗ ಗೌತಮ್ ಈ ಶಾಲೆಯಲ್ಲಿ ನಾಲ್ಕನೇ ತರಗತಿ. ಶಾಲೆ ಎಂದರೆ ದೊಡ್ಡದೇನೂ ಅಲ್ಲ, ಎರಡಂತಸ್ತಿನ ಒಂದು ಮನೆ. ಅಂಗಳದಲ್ಲಿ ಸೀಬೆಮರ ಇರುವುದರಿಂದ ಆಟೋದವರೂ ಅದನ್ನು ಸೀಬೆಮರದ ಸ್ಕೂಲು ಅಂತಲೇ ಕರೆಯುತ್ತಾರೆ. ಅದರ ಗೋಡೆಗೆ ಬಣ್ಣ ಬಳಿದವರು ಮಕ್ಕಳ ಅಪ್ಪಂದಿರು. ಕಿಟಕಿಗೆ ಪರದೆ ಹೊಲಿದವಳು ನಾನು. ವಾರ್ಷಿಕೋತ್ಸವದಲ್ಲಿ ಮಕ್ಕಳು ಕುಣಿದು ಮುಗಿದ ಮೇಲೆ ಅಮ್ಮಂದಿರ ಕಬಡ್ಡಿ ಇರುತ್ತದೆ, ಅದನ್ನು ನೋಡಲು ಪಕ್ಕದ ಬೀದಿಯವರೂ ಬಂದು ಕಾಂಪೌಂಡಿನ ಮೇಲೆ ಕೂರುತ್ತಾರೆ. ಇಂಥ ಶಾಲೆಗೆ ತಾವು ‘ಹೊರಗಿನವರ ಪ್ರವೇಶ ನಿಷೇಧ’ ಎಂದು ಬರೆದಿದ್ದೀರಿ. ಸಾರ್, ಹೊರಗಿನವರು ಎಂದರೆ ಯಾರು? ಆ ಮಗುವನ್ನು ಹೆತ್ತವಳೇ? ಜಡೆ ಹಾಕಿ ಕಳಿಸಿದ ಅಜ್ಜಿಯೇ? ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಎಂದೂ ಸೇರಿಸಿದ್ದೀರಿ. ಒಪ್ಪಿದೆ, ಗುರುತಿಲ್ಲದವರು ಒಳಗೆ ಬರಬಾರದು. ಅವತ್ತು ಗೇಟಿನಲ್ಲಿ ಹೆಸರು ಹೇಳದೆ, ಯಾರನ್ನೂ ಕೇಳದೆ ಒಳಗೆ ಬಂದ ಗುರುತಿಲ್ಲದ ವ್ಯಕ್ತಿ ಒಬ್ಬರೇ. ಅವರು ಯಾರೆಂದು ನಾನು ಹೇಳಬೇಕಾಗಿಲ್ಲ.

ತಾವು ಬಂದದ್ದು ಬೆಂಚು ಶನಿವಾರದ ದಿನ. ಅದೇನೆಂದು ತಾವು ಕೇಳಲಿಲ್ಲ, ಆದ್ದರಿಂದ ಈಗಲಾದರೂ ಹೇಳುತ್ತೇನೆ. ತಿಂಗಳ ಕೊನೆಯ ಶನಿವಾರ ನಮ್ಮ ಶಾಲೆಯಲ್ಲಿ ದೊಡ್ಡವರು ಬೆಂಚಿನ ಮೇಲೆ ಕೂರಬೇಕು, ಮಕ್ಕಳು ಪಾಠ ಮಾಡುತ್ತಾರೆ. ತಮಗೆ ಗೊತ್ತಿರುವುದು ಏನಾದರೂ ಸರಿ, ಅದನ್ನೇ ಕಲಿಸುತ್ತಾರೆ. ನಮ್ಮನ್ನು ಹೆಸರು ಹಿಡಿದು ಕರೆಯುವುದಿಲ್ಲ. ‘ಗೌತಮನ ಅಮ್ಮ’ ಎಂದು ಹಾಜರಿ ಕೂಗುತ್ತಾರೆ, ನಾನು ಎದ್ದು ‘ಪ್ರೆಸೆಂಟ್ ಮಿಸ್’ ಅನ್ನಬೇಕು. ಫೋನು ಮುಟ್ಟುವಂತಿಲ್ಲ. ಕೈ ಎತ್ತದೆ ಮಾತಾಡುವಂತಿಲ್ಲ. ಅಂದು ಗೇಟು ದಾಟಿ ಬಂದ ದೊಡ್ಡವರು ಯಾರೇ ಆಗಿರಲಿ, ಅವರು ವಿದ್ಯಾರ್ಥಿಯೇ. ಬಾಗಿಲಲ್ಲಿ ನಿಂತವರನ್ನು ಕರೆದು ಕೂರಿಸುವುದು ಹತ್ತಿರದಲ್ಲಿರುವ ಮಗುವಿನ ಜವಾಬ್ದಾರಿ. ನೀರಿನ ಟ್ಯಾಂಕರ್ ಓಡಿಸುವ ಮುರುಗೇಶ್ ಒಮ್ಮೆ ಪೈಪು ಎಲ್ಲಿಗೆ ಹಾಕಲಿ ಎಂದು ಕೇಳಲು ಬಂದು ಸಿಕ್ಕಿಬಿದ್ದ. ಎರಡನೇ ತರಗತಿಯ ಮಗುವೊಂದು ಅವನನ್ನು ಕೂರಿಸಿ ಕಾಗದದ ಕಪ್ಪೆ ಮಾಡಿಸಿತು. “ಅಣ್ಣ, ನಂಗೆ ಮಕ್ಳೇ ಇಲ್ಲ, ಆದ್ರೂ ಬರ್ಲಾ?” ಎಂದು ಶಾಲೆಯ ಆಫೀಸು ನೋಡಿಕೊಳ್ಳುವ, ನಮ್ಮ ಮುಖ್ಯೋಪಾಧ್ಯಾಯಿನಿ ಅನು ಮಿಸ್ ಅವರ ಗಂಡನನ್ನು ಕೇಳಿ, ಆಮೇಲೆ ಒಂದು ಶನಿವಾರವನ್ನೂ ಅವನು ತಪ್ಪಿಸಿಲ್ಲ. ಕಪ್ಪೆ ಈಗ ಟ್ಯಾಂಕರಿನ ಮುಂದಿನ ಗಾಜಿನ ಹಿಂದೆ ಕೂತಿದೆ.

ಇಷ್ಟು ತಿಳಿದಿದ್ದರೆ ತಮಗೆ ಏನಾಯಿತೆಂದು ಅವತ್ತೇ ಅರ್ಥವಾಗುತ್ತಿತ್ತು. ತಾವು ಕಂಕುಳಲ್ಲಿ ಫೈಲು ಇಟ್ಟುಕೊಂಡು ಬಾಗಿಲಲ್ಲಿ ನಿಂತಿರಿ. ತಮ್ಮ ಹತ್ತಿರದಲ್ಲಿದ್ದವಳು ಮೂರನೇ ತರಗತಿಯ ನೀಲಾಂಬಿಕಾ. ಅವಳು ಅನು ಮಿಸ್ ಕಡೆ ಒಮ್ಮೆ ನೋಡಿದಳು, ತನ್ನ ಅಜ್ಜಿಯ ಕಡೆ ಒಮ್ಮೆ ನೋಡಿದಳು, ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಕೂಗಿದಳು:

“ಅಜ್ಜಾರ, ಅಲ್ಯಾಕ ನಿಂತೀರಿ? ಒಳಗ ಬಂದ್ ಕುಂದರ್ರಿ! ಪಾಠ ಸುರು ಆಗೇತಿ!”

ತರಗತಿಯಲ್ಲಿ ನಗು ಸ್ಫೋಟಿಸಿತು. ನಾನು ಬೆಂಚು ಕುಟ್ಟಿ ಕುಟ್ಟಿ ನಕ್ಕೆ. ಮುರುಗೇಶ್ ಶಿಳ್ಳೆ ಹೊಡೆದ. ಮಕ್ಕಳು ಕುಣಿದರು. ಅನು ಮಿಸ್ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡರು. ತಲೆಗೂದಲಿಗೆ ಅಷ್ಟು ಒಪ್ಪವಾಗಿ ಬಣ್ಣ ಹಚ್ಚಿಕೊಂಡು ಬಂದವರಿಗೆ ಅಜ್ಜಾರ ಎಂದರೆ ಏನನ್ನಿಸಬಹುದು, ನನಗೆ ಗೊತ್ತು. “ನೋಡಮ್ಮ, ನಾನು ಇಲ್ಲಿಗೆ ಬಂದಿರೋದು...” ಎಂದು ತಾವು ಶುರುಮಾಡಿದಿರಿ. “ಕೈ ಎತ್ತಲಾರದ ಮಾತಾಡಬ್ಯಾಡ್ರಿ” ಎಂದು ಅವಳು ಗದರಿದಳು. ಮತ್ತೆ ನಗು. ಪಾಪ, ತಾವು ಬಂದು ನನ್ನ ಪಕ್ಕ ಕೂತಿರಿ. ಮಂಡಿ ಡೆಸ್ಕಿಗೆ ತಾಗಿ ಫೈಲು ಕೆಳಗೆ ಬಿತ್ತು. ಎತ್ತಿಕೊಟ್ಟವಳು ನಾನೇ.

ಅವಳ ಪಾಠ ಜೋಳದ ರೊಟ್ಟಿ. ಹಿಟ್ಟಿನ ಬದಲು ಅಂಗಳದ ಮಣ್ಣು ಕಲಸಿ ಎಲ್ಲರಿಗೂ ಒಂದೊಂದು ಉಂಡೆ ಹಂಚಿದಳು. ತಮಗೂ ಕೊಟ್ಟಳು. ತಾವು ಶರ್ಟಿನ ತೋಳು ಮಡಚಿದಿರಿ, ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ತಾವು ತಟ್ಟಿದ ರೊಟ್ಟಿ ಅಂಚಿನಲ್ಲೇ ಬಿರಿಯಿತು. “ಅಂಚು ಸೀಳೇತ್ರಿ. ಮತ್ತ ನಾದ್ರಿ, ಮತ್ತ ಬಡೀರಿ” ಎಂದಳು. ತಾವು ಮತ್ತೆ ನಾದಿದಿರಿ, ಮತ್ತೆ ತಟ್ಟಿದಿರಿ, ಅದೂ ಬಿರಿಯಿತು. ನಮ್ಮ ನಗು ಛಾವಣಿ ಮುಟ್ಟಿತು. ಮೀಸೆಯ ಕೆಳಗೆ ತಾವೂ ನಕ್ಕಿರಿ ಸಾರ್. ನಾನು ಪಕ್ಕದಲ್ಲೇ ಇದ್ದೆ, ನನಗೆ ಕಂಡಿತು. ಆಮೇಲೆ ತಮಗೇನಾಯಿತೋ, ಎದ್ದು ನಿಂತು ತಾವು ಯಾರೆಂದು ಹೇಳಿದಿರಿ, ಮಣ್ಣು ಮೆತ್ತಿದ ಕೈಯಲ್ಲೇ ಫೈಲು ಎತ್ತಿಕೊಂಡು ಹೊರಟುಹೋದಿರಿ. ಅನು ಮಿಸ್ ಹಿಂದೆಯೇ ಓಡಿಬಂದರೂ ನಿಲ್ಲಲಿಲ್ಲ.

ನಂತರ ಬಂತು ಆದೇಶ. ಅದರಲ್ಲಿ ‘ಅರ್ಹತೆಯಿಲ್ಲದ ವ್ಯಕ್ತಿಯಿಂದ ಬೋಧನೆ’ ನಡೆದಿದೆ ಎಂದಿದೆ. ನಿಜ, ನೀಲಾಂಬಿಕಾ ಇನ್ನೂ ಬಿ.ಎಡ್. ಮಾಡಿಲ್ಲ. ಮೊದಲು ಅವಳ ಮುಂದಿನ ಹಲ್ಲು ಬರಬೇಕು. ‘ಪಠ್ಯಕ್ರಮಕ್ಕೆ ಸಂಬಂಧಿಸದ ಚಟುವಟಿಕೆ’ ಎಂದಿದೆ. ಇದನ್ನೂ ಒಪ್ಪಿಕೊಳ್ಳೋಣ, ಆದರೆ ರೊಟ್ಟಿ ದುಂಡಗೆ ಬರುವುದೂ ಗಣಿತವೇ ಎಂದು ನನ್ನ ವಾದ, ಬ್ಲೌಸಿನ ಕಂಕುಳು ಕತ್ತರಿಸಿ ನೋಡಿದವರಿಗೆ ಇದು ತಿಳಿಯುತ್ತದೆ. ಕೊನೆಗೆ ‘ಭೇಟಿ ನೀಡಿದ ಅಧಿಕಾರಿಯನ್ನು ಸಾಮೂಹಿಕವಾಗಿ ಅಪಹಾಸ್ಯ ಮಾಡಲಾಗಿದೆ’ ಎಂದಿದೆ. ಈ ಒಂದು ವಾಕ್ಯಕ್ಕಾಗಿಯೇ ನಾನು ಮೂರು ಗಿರಾಕಿಗಳ ಬ್ಲೌಸು ಬದಿಗಿಟ್ಟು ಕೂತು ಬರೆಯುತ್ತಿರುವುದು. ಆ ನಗು ತಮ್ಮನ್ನು ನೋಡಿ ಬಂದದ್ದಲ್ಲ.

ನೀಲಾಂಬಿಕಾಳ ಅಪ್ಪ ಶ್ರೀಶೈಲ ವಿಜಯಪುರದ ಕಡೆಯವರು. ಊಟದ ಪೊಟ್ಟಣ ಡೆಲಿವರಿ ಮಾಡುತ್ತಾ ವಿಜಯನಗರದಲ್ಲೆಲ್ಲ ಬೈಕಿನಲ್ಲಿ ತಿರುಗುತ್ತಾರೆ. ಕಳೆದ ಜೂನ್‌ನಲ್ಲಿ ಮಗಳನ್ನು ಇಲ್ಲಿ ಸೇರಿಸಿದರು. ಮೊದಲ ದಿನ ಅವಳು ಎದ್ದು ನಿಂತು “ಟೀಚರ್‍ರೀ, ನನಗ ನೀರ್ ಬೇಕ್ರಿ” ಎಂದಳಂತೆ. ಬೆಂಗಳೂರಿನ ಮಕ್ಕಳು, ಕೇಳಬೇಕೆ? ನಕ್ಕವು, ಮೂರು ಮತ್ತು ನಾಲ್ಕನೇ ತರಗತಿಗೆ ಒಂದೇ ಕೋಣೆಯಾದ್ದರಿಂದ ನನ್ನ ಮಗರಾಯನೂ ಸೇರಿ. ಆಮೇಲೆ ವಾರಗಟ್ಟಲೆ ‘ನೀರ್ ಬೇಕ್ರಿ’ ಎಂದು ಅಣಕಿಸಿದವು. ಅವಳು ಬಾಯಿ ಮುಚ್ಚಿದಳು. ಕೋಪವಿಲ್ಲ, ಅಳುವಿಲ್ಲ, ಮಾತೇ ಇಲ್ಲ. ಪ್ರಶ್ನೆ ಕೇಳಿದರೆ ಉತ್ತರ ಬರೆದು ತೋರಿಸುತ್ತಿದ್ದಳು, ಬಾಯಾರಿದರೆ ಬಾಟಲಿಯ ಕಡೆ ಬೆರಳು ತೋರಿಸುತ್ತಿದ್ದಳು. ಅನು ಮಿಸ್ ಮಕ್ಕಳಿಗೆ ಗದರಿದರು, ಬುದ್ಧಿ ಹೇಳಿದರು. ಮಕ್ಕಳೇ ಹೋಗಿ ಕ್ಷಮೆ ಕೇಳಿದವು, ತಿಂಡಿ ಕೊಟ್ಟವು, ಗೌತಮ್ ತನ್ನ ಬುಗುರಿಯನ್ನೂ ಕೊಟ್ಟ. ಎಲ್ಲಕ್ಕೂ ತಲೆಯಾಡಿಸಿದಳು, ಅಷ್ಟೇ.

ಅವಳ ಬಾಯಿ ಬಿಡಿಸಲು ಶುರುಮಾಡಿದ್ದು ತಾವು ನಿಲ್ಲಿಸಿದ ಈ ಬೆಂಚು ಶನಿವಾರವೇ. ಅವಳ ಅಜ್ಜಿ ದಾನಮ್ಮ ಬಂದು ಮೂಲೆಯ ಬೆಂಚಿನಲ್ಲಿ ಕೂತರು. ಹುಡುಗಿ ಅಜ್ಜಿಯ ಕಿವಿಗೆ ಬಾಯಿಟ್ಟು ಪಿಸುಗುಟ್ಟಿ ಪಾಠ ಮಾಡಿದಳು. ದಾನಮ್ಮ ಮಾತ್ರ ಇಡೀ ತರಗತಿಗೆ ಕೇಳುವಂತೆ ಅವರ ಊರಿನ ಮಾತಿನಲ್ಲೇ ಉತ್ತರ ಕೊಟ್ಟರು. “ಹೌದಽ ಟೀಚರ್ ಬಾಯಿ, ತಿಳೀತ್ರಿ” ಎಂದು ಮೊಮ್ಮಗಳಿಗೆ ಕೈ ಮುಗಿದರು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದವು. ಯಾರೂ ನಗಲಿಲ್ಲ. ಮುಂದಿನ ತಿಂಗಳು ಮತ್ತೆ ಪಿಸುಮಾತು, ಅದರ ಮುಂದಿನ ತಿಂಗಳೂ ಪಿಸುಮಾತು. ನಾವೆಲ್ಲ ನಮ್ಮ ನಮ್ಮ ಪಾಠ ಬಿಟ್ಟು ಆ ಮೂಲೆಗೇ ಕಿವಿಗೊಡುತ್ತಿದ್ದೆವು, ಹೊರಗೆ ಮಾತ್ರ ಏನೂ ಗೊತ್ತಿಲ್ಲದವರ ಹಾಗೆ ಕೂತಿರುತ್ತಿದ್ದೆವು.

ಅಂಥ ಹುಡುಗಿ ಜೂನ್‌ನಿಂದೀಚೆಗೆ ಮೊದಲ ಬಾರಿ, ಎಲ್ಲರಿಗೂ ಕೇಳುವಂತೆ, ತನ್ನದೇ ಮಾತಿನಲ್ಲಿ ಕೂಗಿದ್ದು ತಮ್ಮನ್ನು. ಒಬ್ಬ ಅಪರಿಚಿತರು ಬಾಗಿಲಲ್ಲಿ ನಿಂತಿದ್ದಾರೆ, ಕೂರಿಸುವುದು ತನ್ನ ಕೆಲಸ ಎಂದು ಅವಳಿಗೆ ಅನ್ನಿಸಿತು, ಕೂಗಿಬಿಟ್ಟಳು. ನಾವು ನಗದೆ ಏನು ಮಾಡಬೇಕಿತ್ತು ಸಾರ್? ಖುಷಿಗೆ ನಗುವುದು ಬಿಟ್ಟರೆ ನಮಗೆ ಬೇರೇನು ಬರುತ್ತದೆ? ಅನು ಮಿಸ್ ಮುಖ ಮುಚ್ಚಿಕೊಂಡದ್ದು ನಗು ತಡೆಯಲಿಕ್ಕಲ್ಲ, ಅವರು ಅಳುತ್ತಿದ್ದರು. ಆ ಕಡೆ ದಾನಮ್ಮ ಸೆರಗು ಕಚ್ಚಿಕೊಂಡು ಕೂತಿದ್ದರು. ತಮ್ಮ ರೊಟ್ಟಿ ಬಿರಿದಾಗೆಲ್ಲ ಅವಳು ಇನ್ನೊಂದು ಮಾತು ಆಡಬೇಕಾಗುತ್ತಿತ್ತು, ಅದಕ್ಕೇ ನಾವು ಪ್ರತಿ ಸಲವೂ ಅಷ್ಟೊಂದು ಸಂಭ್ರಮಪಟ್ಟದ್ದು. ಇನ್ನೂ ನಾಲ್ಕು ರೊಟ್ಟಿ ಬಿರಿಯಲಿ ಎಂದು ನಾನು ಮನಸ್ಸಿನಲ್ಲೇ ಮಲೆ ಮಹದೇಶ್ವರನಿಗೆ ಹರಕೆ ಹೊತ್ತೆ. ನಮ್ಮ ಶಿಕ್ಷಕರು ತಿಂಗಳುಗಟ್ಟಲೆ ಒದ್ದಾಡಿ ಮಾಡಲಾಗದ ಕೆಲಸವನ್ನು ತಾವು ಸುಮ್ಮನೆ ಬಾಗಿಲಲ್ಲಿ ನಿಂತು ಮಾಡಿದಿರಿ. ಸನ್ಮಾನ ಮಾಡಿ ಶಾಲು ಹೊದಿಸಬೇಕೆಂದು ಮುರುಗೇಶ್ ಹಣ್ಣಿನ ಬುಟ್ಟಿಗೂ ಹೇಳಿಬಂದಿದ್ದ. ಬಂದದ್ದು ಆದೇಶ.

ಈಗ ಗೇಟು ಹಾಕಿದೆ. ನಾವು ಹೊರಗೆ, ಮಕ್ಕಳು ಒಳಗೆ. ಕಾನೂನು ಪಾಲನೆಯಾಗುತ್ತಿದೆ, ತಮಗೆ ಅಭಿನಂದನೆಗಳು. ಕಳೆದ ಕೊನೆಯ ಶನಿವಾರ ನಾವೆಲ್ಲ ಅಭ್ಯಾಸಬಲದಿಂದ ಬಂದು ಫುಟ್‌ಪಾತಿನಲ್ಲಿ ಸಾಲಾಗಿ ನಿಂತೆವು. ಒಬ್ಬರು ಮಸಾಲೆ ಮಂಡಕ್ಕಿ ತಂದಿದ್ದರು, ತಿನ್ನುತ್ತಾ ತಮ್ಮ ಆದೇಶವನ್ನು ಮದುವೆ ಪತ್ರಿಕೆ ಓದುವ ದನಿಯಲ್ಲಿ ಗಟ್ಟಿಯಾಗಿ ಓದಿದೆವು. ಬಿದ್ದು ಬಿದ್ದು ನಕ್ಕೆವು. ದಾನಮ್ಮ ಮಾತ್ರ ನಗುತ್ತಿರಲಿಲ್ಲ.

“ಯಾಕಮ್ಮ, ಸುಮ್ನಿದೀರಾ? ಮೊಮ್ಮಗ್ಳು ಹೇಗಿದಾಳೆ?” ಎಂದು ಕೇಳಿದೆ.

“ಏನ್ ಹೇಳ್ಲಿ ಜಗದಾಂಬಾ. ಮತ್ತ ಮೊದಲಿನಂಗ ಆಗ್ಯಾಳ. ಸಾಲ್ಯಾಗ ತುಟಿ ಪಿಟಕ್ ಅನ್ನೂದಿಲ್ಲಂತ.” ಅವರು ಗೇಟಿನ ಕಡೆಗೇ ನೋಡುತ್ತಿದ್ದರು. “ನಿನ್ನೆ ಮಕ್ಕೊಂಡಾಗ ಕೇಳಿದ್ಲು, ‘ಆಯಿ, ನಾ ಮಾತಾಡಿದ್ದಕ್ಕ ಗೇಟ್ ಹಾಕ್ಯಾರೇನ?’ ಅಂತ. ನನಗ ಏನ್ ಹೇಳ್ಬೇಕೋ ತಿಳೀಲಿಲ್ಲ ನೋಡ್ವಾ.”

ನನ್ನ ಬಾಯಲ್ಲಿದ್ದ ಮಂಡಕ್ಕಿ ಹಾಗೇ ಉಳಿಯಿತು. ಎಂಟು ವರ್ಷದ ಮಗುವಿಗೆ ಹಾಗನ್ನಿಸಿದ್ದರಲ್ಲಿ ತಪ್ಪೇನಿದೆ? ಮೊದಲ ಸಲ ಬಾಯಿ ಬಿಟ್ಟಾಗ ಎಲ್ಲರೂ ಅಣಕಿಸಿದರು. ಎರಡನೇ ಸಲ ಬಾಯಿ ಬಿಟ್ಟಾಗ ಅಜ್ಜಿಯನ್ನೇ ಹೊರಗೆ ಹಾಕಿದರು. ಅವಳ ಲೆಕ್ಕ ಸರಿಯಾಗಿಯೇ ಇದೆ. ತಪ್ಪಿರುವುದು ನಮ್ಮಲ್ಲಿ, ಅಂದರೆ ಮುಖ್ಯವಾಗಿ ತಮ್ಮಲ್ಲಿ. ಇದನ್ನು ಹೇಳುವಾಗ ನನಗೆ ನಗು ಬರುತ್ತಿಲ್ಲ, ಸಂಕಟವಾಗುತ್ತಿದೆ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ಆದೇಶವನ್ನು ಹಿಂದಕ್ಕೆ ಪಡೆಯಿರಿ. ಗೇಟಿನಲ್ಲಿ ಹೆಸರು ಕೇಳಲಿ, ಮುಖ ನೋಡಲಿ, ಬೇಕಾದರೆ ಗುರುತಿನ ಚೀಟಿ ಕೊರಳಿಗೆ ನೇತುಹಾಕಿಕೊಂಡೇ ಬರುತ್ತೇವೆ, ಅದಕ್ಕೆ ಪಟ್ಟಿ ನಾನೇ ಹೊಲಿದುಕೊಡುತ್ತೇನೆ. ಅಪಹಾಸ್ಯ ಎಂಬ ಆರೋಪ ಉಳಿಸಿಕೊಳ್ಳಲೇಬೇಕೆಂದಿದ್ದರೆ ನನ್ನೊಬ್ಬಳ ಮೇಲೆ ಹಾಕಿ, ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ಆದರೆ ಇದೆಲ್ಲಕ್ಕಿಂತ ಮೊದಲು ತಾವು ಒಂದು ಸಲ ಬಂದು ಆ ಮಗುವಿಗೆ ಉತ್ತರ ಕೊಡಬೇಕು. ಕಚೇರಿಯಿಂದ ಬರೆದು ಕಳಿಸಿದರೆ ನಡೆಯುವುದಿಲ್ಲ, ತಮ್ಮ ಪರವಾಗಿ ಬೇರೆಯವರು ಬಂದರೂ ನಡೆಯುವುದಿಲ್ಲ. ತಾವೇ ಅವಳ ಮುಂದೆ ನಿಂತು ‘ಇಲ್ಲಮ್ಮ, ನೀನು ಮಾತಾಡಿದ್ದಕ್ಕಲ್ಲ’ ಎಂದು ಹೇಳಬೇಕು. ಸ್ವಲ್ಪ ಜೋರಾಗಿ ಹೇಳಿ ಸಾರ್. ನಾವೆಲ್ಲ ಗೇಟಿನ ಹೊರಗೆ ನಿಂತಿರುತ್ತೇವೆ, ನಮಗೂ ಕೇಳಿಸಬೇಕು.

ಇಂತಿ,
ತಮ್ಮ ಆದೇಶದ ಪ್ರಕಾರ ಹೊರಗಿನವಳಾದ
ಗೌತಮನ ಅಮ್ಮ ಜಗದಾಂಬಾ